ಮಡಚಿದ ಮೂಲೆ

ಟೋಕನ್ ಚೀಟಿಯ ಮೂಲೆಯನ್ನು ಯಾರೋ ಮಡಚುತ್ತಿದ್ದಾರೆ, ಆಸ್ಪತ್ರೆಯ ಕೌಂಟರಿನ ಆಚೆ, ಹೆಬ್ಬೆರಳಿನಿಂದ ಮಡಚುವುದು ಬಿಡಿಸುವುದು, ಮಡಚುವುದು ಬಿಡಿಸುವುದು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಹೆಬ್ಬೆರಳು — ಟೈಲರಣ್ಣ, ಇನ್ಯಾರು, ಕಾರ್ಡಕ್ಕನ ಮಗಳ ಶಾಲೆಯ ಬಟ್ಟೆಯನ್ನೆಲ್ಲ ಹೊಲಿದ ಕೈ ಅದು, ಅಳತೆ ತಪ್ಪಿದರೂ ಮಾತು ತಪ್ಪದವನು. ನಲವತ್ತೊಂದು, ಬನ್ನಿ, ಎಂದಳು ಕಾರ್ಡಕ್ಕ, ಒಂದೇ ಬೆರಳಿನಲ್ಲಿ ಅವನ ನಂಬರು ಒತ್ತಿದಳು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಂಪ್ಯೂಟರ್ ಪರದೆಯ ಮೇಲೆ ಅವನ ಹೆಸರು, ವಯಸ್ಸು, ರಕ್ತದ ಗುಂಪು, ಅಲರ್ಜಿ ಇಲ್ಲ, ಪಕ್ಕದಲ್ಲಿ ಹಸಿರು ಗುರುತು, ಅಬ್ಬಾ, ನಿನ್ನೆಯವರೆಗೆ ಇದಕ್ಕೇ ಏಣಿ ಹತ್ತಬೇಕಿತ್ತು, ಮೇಲಿನ ಕಪಾಟು, ಧೂಳು, ಸೀನು. ಏನಾಗಿದೆ ಅಣ್ಣ. ಕಾಲಲ್ಲಿ ಗಾಯ ಕಣಮ್ಮ, ಕೀವು ಕಟ್ಕೊಂಡಿದೆ, ಪೆಡಲ್ ತುಳಿಯೋಕಾಗ್ತಿಲ್ಲ. ಹೋಗಿ, ಎರಡನೇ ಬಾಗಿಲು, ಡಾಕ್ಟ್ರು ನೋಡಿದ ಮೇಲೆ ಪಕ್ಕದ ಇಂಜೆಕ್ಷನ್ ರೂಮು. ಕಾರ್ಡು ಕೊಡಲ್ವೇನಮ್ಮ? ಕಾರ್ಡಿಲ್ಲ ಅಣ್ಣ, ಇನ್ಮೇಲೆ ಎಲ್ಲ ಇದರೊಳಗೇ, ಅಂತ ಪರದೆಯ ತಲೆಯನ್ನು ಮೊಮ್ಮಗುವಿನ ತಲೆ ಸವರಿದ ಹಾಗೆ ಸವರಿ ತೋರಿಸಿದಳು, ಅವನು ನಕ್ಕು ಚೀಟಿಯನ್ನು ತಟ್ಟೆಯಲ್ಲಿ ಹಾಕಿ ಕುಂಟುತ್ತ ಹೋದ. ಇಪ್ಪತ್ತಾರು ವರ್ಷ ಕಾರ್ಡು ಕಾದವಳು, ದೊಡ್ಡ ಡಾಕ್ಟರ ಬಾಯಲ್ಲೂ ಕಾರ್ಡಕ್ಕ, ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು, ಇವತ್ತಿಂದ ನಿನ್ನ ಏನಂತ ಕರೀತಾರೇ, ಪರದೆ ಅಕ್ಕ ಅಂತಲಾ, ಬೆಳಿಗ್ಗೆ ಗಂಡ ಕೇಳಿದ್ದ, ಚಪ್ಪಲಿ ಹಾಕಿಕೊಳ್ಳುವಾಗಲೂ ಅದೇ ಚೇಷ್ಟೆ. ಕರೀಲಿ ಬಿಡಿ, ಅವಳಿಗೇನು, ಒಳಗೊಳಗೆ ಹೆಮ್ಮೆಯೇ. ಈ ವಯಸ್ಸಿಗೆ ಇವಳು ಕಲಿತಾಳಾ ಅಂದವರ ಮುಂದೆ ಕಲಿತು ಕೂತಿದ್ದಾಳೆ. ನಲವತ್ತೆರಡು.

ನಲವತ್ತೆರಡಕ್ಕೆ ಕೆಮ್ಮು. ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವ ಈ ಕೆಲಸ ಶುರುವಾಗಿ ನಾಲ್ಕು ತಿಂಗಳು, ಮೊದಲ ಮೀಟಿಂಗಿನಲ್ಲಿ ಕಂಪ್ಯೂಟರ್ ಹುಡುಗಿ ಒಂದು ಖಾಲಿ ಕಾರ್ಡನ್ನು ಮೇಜಿನ ಮೇಲಿಟ್ಟು, ಅಕ್ಕ, ಇದರಲ್ಲಿ ಏನೇನಿದೆ ಎಲ್ಲ ಹೇಳಿ, ಒಂದೂ ಬಿಡಬಾರದು, ಅಂದಳು, ಅವಳ ಮಗಳಿಗಿಂತ ಚಿಕ್ಕವಳು, ಪೆನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡು ಆಮೇಲೆ ಊರೆಲ್ಲ ಹುಡುಕುವವಳು. ಕಾರ್ಡಕ್ಕ ಹೇಳಿದಳು, ಹೆಸರು, ವಿಳಾಸ, ಫೋನು, ಹಿಂದೆ ಆದ ಕಾಯಿಲೆ, ಡಾಕ್ಟರ ಅಕ್ಷರ ಓದುವ ಉಪಾಯ ಕೂಡ. ಅಲರ್ಜಿ ಅಂತ ಒಂದು ಗೆರೆ ಇದೆಯಲ್ಲ ಅಕ್ಕ, ಮುಕ್ಕಾಲು ಕಾರ್ಡಲ್ಲಿ ಖಾಲಿ, ಕಂಪ್ಯೂಟರಿಗೆ ಖಾಲಿ ಬಿಟ್ಟರೆ ಆಗಲ್ಲ, ಹೌದು ಇಲ್ಲ ಎರಡರಲ್ಲಿ ಒಂದು ಬೇಕು, ಖಾಲಿ ಇದ್ದರೆ ಇಲ್ಲ ಅಂತ ಹಾಕೋಣವಾ? ಹಾಕಮ್ಮ, ಅಂದಳು ಇವಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಬರೆದದ್ದಿಲ್ಲ ಅಂದಮೇಲೆ ಇಲ್ಲ ತಾನೆ. ನಲವತ್ತಮೂರು, ಕೈ ಮೇಲೆ ಗುಳ್ಳೆ, ಒಂದನೇ ಬಾಗಿಲು. ಆಮೇಲೆ ಸ್ಕ್ಯಾನ್ ಮಾಡುವ ಯಂತ್ರ ಬಂತು, ಹನ್ನೆರಡು ಸಾವಿರ ಕಾರ್ಡು, ಮೂಲೆ ಮಡಚಿದ್ದು ಬಂದರೆ ಸಾಕು ಕರಕರ ಅಂತ ನುಂಗಿ ನಿಂತುಬಿಡುವುದು, ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಳು, ಅಕ್ಕ, ಹೀಗಾದರೆ ವರ್ಷ ಬೇಕು. ಪಾಪ ಅನ್ನಿಸಿತು. ಮಾರನೇ ದಿನ ಕಾರ್ಡಕ್ಕ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದಳು, ಒದ್ದೆ ಬಟ್ಟೆ ಹಾಸಿ ಒಂದೊಂದೇ ಮೂಲೆ, ಬಿಡಿಸಿ, ಒತ್ತಿ, ಬಿಡಿಸಿ, ಒತ್ತಿ, ಒಂಬತ್ತು ದಿನ, ರೂಮಿಗೆಲ್ಲ ಬಿಸಿ ಕಾಗದದ ವಾಸನೆ, ದೊಡ್ಡ ಡಾಕ್ಟ್ರು ಬಾಗಿಲಲ್ಲಿ ನಿಂತು ಏನಮ್ಮ ಊರವರಿಗೆಲ್ಲ ಇಸ್ತ್ರಿ ಮಾಡ್ತಿದೀಯ ಅಂತ ನಕ್ಕರು, ಹುಡುಗಿ ಕತ್ತು ತಬ್ಬಿಕೊಂಡು ನೀವಿಲ್ಲದಿದ್ದರೆ ನಾನು ಸತ್ತೇ ಹೋಗ್ತಿದ್ದೆ ಅಂದಳು. ಆಮೇಲೆ ಯಂತ್ರ ಒಂದು ಕಾರ್ಡನ್ನೂ ನುಂಗಲಿಲ್ಲ, ಹನ್ನೆರಡು ಸಾವಿರವೂ ಈಗ ಹಿಂದಿನ ಕೋಣೆಯಲ್ಲಿ ಗೋಣಿಚೀಲದಲ್ಲಿ ಕೂತಿವೆ, ನಾಳೆ ರದ್ದಿಯ ಲಾರಿ ಬರುತ್ತದೆ. ತಟ್ಟೆ ತುಂಬಿತು, ಚೀಟಿಗಳನ್ನು ಕಂಬಿಗೆ ಚುಚ್ಚಬೇಕು, ಕೈಗೆ ಸಿಕ್ಕಿದ್ದು ಟೈಲರಣ್ಣನದು, ಬಲಗಡೆ ಮೇಲಿನ ಮೂಲೆ ಮಡಚಿದೆ, ಅವಳ ಹೆಬ್ಬೆರಳು ತಾನಾಗಿ ಅದನ್ನು ಬಿಡಿಸಿತು, ಒತ್ತಿತು —

ಬಲಗಡೆ ಮೇಲಿನ ಮೂಲೆ. ದೊಡ್ಡ ಸಿಸ್ಟರು. ತಾನು ಕೆಲಸಕ್ಕೆ ಸೇರಿದ ಮೊದಲ ವಾರ, ಗಾಯ ಕಟ್ಟುವ ಕೋಣೆಯಿಂದ ಬಂದು ಕೌಂಟರಿಗೆ ಒರಗಿ ನಿಂತ ದೊಡ್ಡ ಸಿಸ್ಟರು, ನೋಡು ಮಗಾ, ಪೆನಿಸಿಲಿನ್ ಆಗದವರ ಕಾರ್ಡಿಗೆ ಹೀಗೆ ಮಾಡು, ಬರೆದದ್ದನ್ನ ಯಾರೂ ಓದಲ್ಲ, ಅವಸರದಲ್ಲಿ ಕೈಗೆ ಸಿಗೋದೇ ಗುರುತು, ಅಂತ ಬಲಗಡೆ ಮೇಲಿನ ಮೂಲೆಯನ್ನು ಉಗುರಿನಿಂದ ಗೀರಿ ಮಡಚಿದ್ದರು. ಅವರು ನಿವೃತ್ತರಾಗಿ ಎಂಟು ವರ್ಷ, ಆಮೇಲೂ ಇವಳೇ ಮಡಚುತ್ತಿದ್ದಳಲ್ಲ, ಡಾಕ್ಟ್ರು ಒಳಗಿಂದ ಇವರಿಗೆ ಆಗಲ್ಲಮ್ಮ ಅಂತ ಕೂಗಿದರೆ ಕೈ ಮಡಚಿ ಇಡುತ್ತಿತ್ತು, ಬಾಯಿ ಪಕ್ಕದವರ ಹತ್ತಿರ ಮಾತಾಡುತ್ತಿತ್ತು, ಕೈಗೆ ಗೊತ್ತಿದ್ದದ್ದು ಮೀಟಿಂಗಿನಲ್ಲಿ ಬಾಯಿಗೆ ಬರಲಿಲ್ಲ, ಬರೆದದ್ದನ್ನೆಲ್ಲ ಹೇಳಿದಳು, ಮಡಚಿದ್ದನ್ನು ಹೇಳಲಿಲ್ಲ. ಮೇಲಾಗಿ ತಾನೇ ಬಿಡಿಸಿದಳು. ಇಸ್ತ್ರಿ ಹಾಕಿ ಬಿಡಿಸಿದಳು. ಟೈಲರಣ್ಣನದೂ — ಆರು ವರ್ಷದ ಹಿಂದೆ ಅದೇ ಇಂಜೆಕ್ಷನ್ನಿಗೆ ತುಟಿ ಊದಿ, ಉಸಿರು ಕಟ್ಟಿ, ಇದೇ ಬೆಂಚಿನ ಮೇಲೆ ಮಲಗಿಸಿದ್ದರು, ಅವನ ಹೆಂಡತಿಗೆ ಇವಳೇ ಹೇಳಿದ್ದಳು, ನೀವು ತಲೆ ಕೆಡಿಸ್ಕೋಬೇಡಿ ಅಕ್ಕ, ಕಾರ್ಡಲ್ಲಿದೆ. ಕುರ್ಚಿ ಹಿಂದಕ್ಕೆ ಬಿತ್ತು, ನಲವತ್ತನಾಲ್ಕು ಏನಮ್ಮಾ ಏನಮ್ಮಾ ಅಂತಿದ್ದಾರೆ, ಎರಡನೇ ಬಾಗಿಲಲ್ಲಿ ಅವನಿಲ್ಲ, ಡಾಕ್ಟ್ರು ಕೈ ತೊಳೆಯುತ್ತಿದ್ದಾರೆ, ಇಂಜೆಕ್ಷನ್ ರೂಮಿನ ಬಾಗಿಲ ಬಟ್ಟೆ ಸರಿಸಿದರೆ ಟೈಲರಣ್ಣ ತೋಳು ಮೇಲಕ್ಕೆ ಏರಿಸಿಕೊಂಡು ಕೂತಿದ್ದಾನೆ, ಸಿಸ್ಟರ ಕೈಯಲ್ಲಿ ಹತ್ತಿ, ಇನ್ನೊಂದು ಕೈಯಲ್ಲಿ ಸಿರಿಂಜು. ಕೊಡಬೇಡಿ, ಕೊಡಬೇಡಿ ಸಿಸ್ಟರ್, ಅವರಿಗೆ ಪೆನಿಸಿಲಿನ್ ಆಗಲ್ಲ. ಸಿಸ್ಟರು ಕೈ ಹಿಂದಕ್ಕೆ ತೆಗೆದುಕೊಂಡು ಕಂಪ್ಯೂಟರ್ ಪರದೆ ನೋಡಿದರು, ಇಲ್ಲಿ ಇಲ್ಲ ಅಂತಿದೆಯಲ್ಲ ಕಾರ್ಡಕ್ಕ, ಕೇಳಿದೆ ಕೂಡ, ಏನಾದ್ರೂ ಆಗ್ತಿತ್ತಾ ಅಂತ. ನಾನು ಹೇಳಿದೆನಮ್ಮ, ಎಲ್ಲ ಕಾರ್ಡಲ್ಲಿದೆ ಅಂತ, ಎಂದ ಟೈಲರಣ್ಣ, ಅವನಿಗೆ ಏನೂ ಗೊತ್ತಾಗಲಿಲ್ಲ, ತೋಳು ಇಳಿಸಿಕೊಳ್ಳಲೋ ಬೇಡವೋ ಅಂತ ಇಬ್ಬರ ಮುಖವನ್ನೂ ನೋಡಿದ.

ಮೊದಲ ದಿನವೆಂದು ಪಕ್ಕದ ಕೋಣೆಯಲ್ಲೇ ಕೂತಿದ್ದ ಹುಡುಗಿಗೆ ಹೇಳಲೇಬೇಕು, ಹೇಳಿದಳು, ಮೂಲೆ, ಇಸ್ತ್ರಿ, ಎಲ್ಲ ನಾನೇ ಕಣಮ್ಮ. ಹುಡುಗಿಯ ಮುಖ ಬಿಳಿಚಿತು, ಅಕ್ಕ, ನಾನು ಕೇಳಿದ್ದೆನಲ್ಲ, ಅಂದಳು, ಅಷ್ಟೇ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹನ್ನೆರಡು ಸಾವಿರದ್ದೂ ಅಲರ್ಜಿ ಹೌದು ಅಂತ ತಿರುಗಿಸ್ತೀನಿ, ಐದು ನಿಮಿಷ ಸಾಕು, ಯಾರಿಗೂ ಕೇಳದೆ ಕೊಡದ ಹಾಗೆ ಆಗತ್ತೆ. ಟಕಟಕ ಒತ್ತತೊಡಗಿದಳು. ಐದು ನಿಮಿಷದ ಕೆಲಸ, ನಾಲ್ಕು ತಿಂಗಳು ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆಯಿಂದ ಪೆನಿಸಿಲಿನ್ ಯಾರ್ಯಾರಿಗೆ ಕೊಟ್ರಿ ಸಿಸ್ಟರ್? ಇಬ್ಬರಿಗೆ. ಒಬ್ಬ ಅಲ್ಲೇ ಬೆಂಚಲ್ಲಿ ಪೇಪರ್ ಓದ್ತಿದಾನೆ, ಗಟ್ಟಿಯಾಗಿದಾನೆ. ಇನ್ನೊಬ್ಬಳು ಬಸ್ ಕಂಡಕ್ಟರ್ ಹೆಂಗಸು, ಅರ್ಧ ಗಂಟೆ ಕೂತ್ಕೊಳ್ಳಿ ಅಂದೆ, ಬಸ್ ಬಿಡೋ ಹೊತ್ತಾಯ್ತು ಅಂತ ಓಡಿದಳು, ಹತ್ತು ನಿಮಿಷ ಆಗಿರಬೇಕು. ಹುಡುಗಿ ಫೋನು ಕಿವಿಗಿಟ್ಟುಕೊಂಡಿದ್ದಾಳೆ, ಕಾರ್ಡಕ್ಕ ಹಿಂದಿನ ಕೋಣೆಯಲ್ಲಿ ಮಂಡಿಯೂರಿದ್ದಾಳೆ, ಮೂರನೇ ಚೀಲ, ನಂಬರಿನ ಪ್ರಕಾರ ಕಟ್ಟಿದ್ದು ತಾನೇ ಆದ್ದರಿಂದ ಆ ಹೆಂಗಸಿನ ಕಾರ್ಡು ಸಿಕ್ಕಿತು, ಇಷ್ಟು ಅಚ್ಚುಕಟ್ಟು, ಸುಡಲಿ ಈ ಅಚ್ಚುಕಟ್ಟು. ಕಾರ್ಡನ್ನು ಕಿಟಕಿಗೆ ಹಿಡಿದಳು, ಮೂಲೆ, ಬಲಗಡೆ ಮೇಲಿನದು, ಉಗುರು ಗೀರಿದ್ದರೆ ಗೆರೆ ಇರಬೇಕು, ಓರೆ ಮಾಡಿದಳು, ಇನ್ನೊಂದು ಓರೆ, ಆ ಹೆಂಗಸು ಗೊತ್ತು, ಚಿಲ್ಲರೆ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ತೋಳು ಚಾಚುವವಳು, ಡಾಕ್ಟ್ರು ಅವಳ ಬಗ್ಗೆ ಎಂದಾದರೂ ಒಳಗಿಂದ ಕೂಗಿದ್ದರಾ, ಕೈ ಮಡಚಿತ್ತಾ, ಕೈಯನ್ನೇ ಕೇಳಿದಳು, ಹೆಬ್ಬೆರಳಿನಿಂದ ತಡವಿದಳು, ನುಣುಪು. ಎತ್ತುತ್ತಿಲ್ಲ ಅಕ್ಕ, ರಿಂಗ್ ಆಗ್ತಿದೆ, ಎಂದಿತು ಆಚೆ ಕೋಣೆಯಿಂದ ಹುಡುಗಿಯ ದನಿ, ಇನ್ನೊಮ್ಮೆ ಮಾಡ್ತೀನಿ. ಮಾಡು. ಬಿಸಿಲು ಕಾಗದದ ಮೇಲೆ ಬಿದ್ದಿದೆ, ಅವಳ ಹೆಸರಿದೆ, ವಿಳಾಸವಿದೆ, ಅಲರ್ಜಿಯ ಗೆರೆ ಖಾಲಿಯಿದೆ, ಮೂಲೆಯಲ್ಲಿ ಏನೋ ತೆಳ್ಳಗೆ, ಗೆರೆಯೋ, ಕಾಗದದ ನಾರೋ, ಇಲ್ಲ, ಇದೆ, ಇಲ್ಲ, ಫೋನು ರಿಂಗ್ ಆಗುತ್ತಿದೆ, ಮೂಲೆ ನೆಟ್ಟಗಿದೆ, ಎಷ್ಟು ಓರೆ ಮಾಡಿದರೂ ನೆಟ್ಟಗಿದೆ, ಇಸ್ತ್ರಿ ಮಾಡಿದ ಮೂಲೆ.