ಹನ್ನೊಂದನೆಯ ಪ್ರಬಂಧ

ಮೇ ತಿಂಗಳ ಕೊನೆ. ಆ ವರ್ಷವೇ ಪದವಿ ಮುಗಿಸಿದ್ದ ನನ್ನನ್ನು ಇತಿಹಾಸ ವಿಭಾಗದ ಮುಖ್ಯಸ್ಥ ಡ್ವೇನ್ ಹಾಲ್ವರ್ಸನ್ ಒಂದು ದಿನದ ಕೆಲಸಕ್ಕೆ ಕರೆದಿದ್ದರು. ಮೇಜಿನ ಮೇಲೆ ಮೂರನೇ ವರ್ಷದವರ ಇಪ್ಪತ್ತು ಪ್ರಬಂಧಗಳು, ಹೆಸರುಗಳ ಮೇಲೆ ಕಪ್ಪು ಮಸಿ. ಆಧಾರ ಇಟ್ಟುಕೊಂಡು ವಾದಿಸಲು ಬರುತ್ತದೆಯೇ ಎಂದು ನಾವಿಬ್ಬರೂ ಬೇರೆಬೇರೆಯಾಗಿ ಓದಿ, ಒಂದರಿಂದ ನಾಲ್ಕರವರೆಗೆ ಅಂಕ ಕೊಡಬೇಕು. ಅಂಕ ವಿದ್ಯಾರ್ಥಿಗಳಿಗಲ್ಲ, ವಿಭಾಗಕ್ಕೆ; ಕಾಲೇಜಿನ ಡೀನ್‌ಗೆ ಹೋಗುವ ವರದಿಗೆ. ಹದಿನಾಲ್ಕು ಪ್ರಬಂಧಗಳಿಗೆ ಮೂರಾದರೂ ಬಂದರೆ ಗುರಿ ಮುಟ್ಟಿದಂತೆ.

ಮಧ್ಯಾಹ್ನಕ್ಕೆ ಇಪ್ಪತ್ತನ್ನೂ ಓದಿಯಾಗಿತ್ತು, ಹದಿಮೂರಕ್ಕೆ ಮೂರೋ ನಾಲ್ಕೋ ಬಂದಿತ್ತು. ತೀರ್ಮಾನವಾಗದೆ ಉಳಿದದ್ದು ಹನ್ನೊಂದನೆಯದು ಮಾತ್ರ. ಡ್ವೇನ್ ಅದಕ್ಕೆ ಮೂರು ಕೊಟ್ಟಿದ್ದರು, ನಾನು ಎರಡು. ಹಾಗಾದಾಗ ಮಾತಾಡಿಕೊಂಡು ಒಂದೇ ಅಂಕಕ್ಕೆ ಬರಬೇಕು.

“ಎರಡು ಯಾಕಪ್ಪಾ?” ತಣ್ಣಗಾದ ಪಿಜ್ಜಾ ಕಚ್ಚುತ್ತ ಕೇಳಿದರು.

“ಹಳೇ ಪತ್ರ ಒಂದನ್ನ ತಂದು ಇಡ್ತಾನೆ. ಅದರಲ್ಲಿ ಏನಿದೆ ಅಂತ ನೋಡೋದೇ ಇಲ್ಲ.”

“ನಿನ್ನ ಮೊದಲನೇ ವರ್ಷದ್ದು ನನ್ನ ಹತ್ರ ಇನ್ನೂ ಇದೆ. ತೆಗೀಲಾ?”

ನಕ್ಕೆ. ಅದನ್ನು ಆರು ಸಲ ತಿದ್ದಿಸಿದವರು ಐಲಾ ಕೊಸ್ಕಿ. ವಿಭಾಗದ ನೆಲಮಾಳಿಗೆಯಲ್ಲಿ ಬರವಣಿಗೆ ಹೇಳಿಕೊಡುತ್ತಿದ್ದ ಗುತ್ತಿಗೆ ಟೀಚರ್. ತಪ್ಪಿದ ಸಾಲಿನ ಮೇಲೆ ಬೆರಳಿಟ್ಟು, ನನಗೇ ಕಾಣುವವರೆಗೆ ಸುಮ್ಮನಿರುತ್ತಿದ್ದರು.

“ಐಲಾ ಗುತ್ತಿಗೆ ಈ ವರದಿ ನೋಡಿ ತೀರ್ಮಾನ ಮಾಡ್ತಾರಂತೆ ಡೀನ್. ಅವಳು ಇರಬೇಕಾ ಬೇಡ್ವಾ, ನೀನೇ ಹೇಳು.”

ಒಳ್ಳೆಯ ಅಂಕ ಬಂದರೆ ಐಲಾ ಉಳಿಯುತ್ತಾರೆ ಎಂದು ಇಬ್ಬರೂ ನಂಬಿದ್ದೆವು. ನಾನು ಬರೆದಿದ್ದ ಎರಡನ್ನು ಹೊಡೆದುಹಾಕಿದೆ.

“ಮೂರು ಹಾಕಿ,” ಎಂದೆ.

ಡೀನ್ ವರದಿಯನ್ನು ನಮ್ಮಂತೆ ಓದಲಿಲ್ಲ. ಇತಿಹಾಸದವರು ಗುರಿ ಮುಟ್ಟಿದ್ದಾರೆ, ಅವರಿಗಿನ್ನು ಬರವಣಿಗೆಯ ಟೀಚರ್ ಬೇಕಿಲ್ಲ ಎಂದು ಬರೆದರು. ಗುರಿ ತಪ್ಪಿದ ಜೀವಶಾಸ್ತ್ರದವರಿಗೆ ಬರವಣಿಗೆ ಹೇಳಿಕೊಡಲು ಹೊಸಬರೊಬ್ಬರು ಸಿಕ್ಕರು.

ಆಗಸ್ಟಿನಲ್ಲಿ ಐಲಾ ಕೋಣೆ ಖಾಲಿ ಮಾಡುವಾಗ ಪೆಟ್ಟಿಗೆ ಹೊರಲು ಹೋದೆ.

“ಅಂಕ ಹಾಕಿದ್ದು ನೀನಂತೆ?”

“ಡ್ವೇನ್ ಜೊತೆ.”

“ಹುಡುಗರು ನಿಜವಾಗ್ಲೂ ಅಷ್ಟು ಚೆನ್ನಾಗಿ ಬರ್ದಿದ್ರಾ? ಹಾಗಿದ್ರೆ ಹೋಗೋಕೆ ನಂಗೇನೂ ಬೇಜಾರಿಲ್ಲ ಕಣೋ.”

ನಾನು ಪೆಟ್ಟಿಗೆಗೆ ಟೇಪ್ ಅಂಟಿಸತೊಡಗಿದೆ. ಅವರು ಸುಮ್ಮನೆ ಕಾದರು. ಆ ಮೌನ ನನಗೆ ಗೊತ್ತಿತ್ತು. ಸಾಲಿನ ಮೇಲೆ ಬೆರಳಿಟ್ಟು ಅವರು ಕಾಯುತ್ತಿದ್ದದ್ದು ಹೀಗೆಯೇ. ಈ ಸಲ ತಪ್ಪು ನನಗೆ ಮೊದಲೇ ಕಂಡಿತ್ತು. ಪೆಟ್ಟಿಗೆ ಎತ್ತಿಕೊಂಡು, ಅವರ ಮುಖ ನೋಡದೆ, ಮೆಟ್ಟಿಲು ಹತ್ತಿದೆ.