ಹೊಲಿಗೆಯೊಳಗೆ ಮುಗಿದ ಬಟ್ಟೆ

ಮಗಳ ಶಾಲೆಯ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿದ ದರ್ಜಿಗೆ ಒಳಗೆ ಇನ್ನು ಬಿಡಿಸಲು ಬಟ್ಟೆಯೇ ಉಳಿದಿಲ್ಲವೆಂದು ಕಂಡಿತು. ಬೆಳೆಯುವ ಮಗುವೆಂದು ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟು ಹೊಲಿದವಳು ಅವಳೇ. ಎರಡು ವರ್ಷಕ್ಕೆ ಸಾಕೆಂದುಕೊಂಡಿದ್ದಳು. ಎಂಟೇ ತಿಂಗಳಿಗೆ ಅದು ಮುಗಿದಿತ್ತು. ಅಂಗಿ ಬಿಗಿಯಾದಾಗಲೆಲ್ಲ, ಮಗು ನೊಂದುಕೊಳ್ಳದಿರಲೆಂದು, ರಜೆಯ ದಿನ ಸದ್ದಿಲ್ಲದೆ ಒಂದಿಷ್ಟು ಸಡಿಲಿಸಿಡುತ್ತಿದ್ದಳು. ಮಗಳಿಂದ ಮುಚ್ಚಿಟ್ಟದ್ದು ತನ್ನ ಕಣ್ಣಿಗೂ ಮುಚ್ಚಿಹೋಗಿತ್ತು.

"ಹೊಲೀಬೇಡಮ್ಮಾ. ನಾಳೆಯಿಂದ ಶಾಲೆಗೆ ಹೋಗಲ್ಲ ನಾನು," ಎಂದಳು ಮಗಳು, ಚಿಪ್ಸ್ ಪೊಟ್ಟಣದೊಳಗೆ ಕೈಯಾಡಿಸುತ್ತ. "ಎಲ್ರೂ ನನ್ನನ್ನ ಗೋಡೆ ಅಂತಾರೆ. ಗೋಡೆ ಓಡುತ್ತಾ ಅಂತ ನಗ್ತಾರೆ."

ದರ್ಜಿ ಮೂಲೆಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿದಳು. "ದಿನಾ ಅಂಗಡಿ ತಿಂಡಿಗೆ ಕಾಸು ಕೊಡೋರು ನೀವೇ ತಾನೇ?"

"ಹೌದು ಕಣೇ, ಕೊಡ್ತೀನಿ. ಹೊಸ್ತಿಲ ಮೇಲೆ ಕೂತು ಕೂತು ಮಗೂಗೆ ಬೇಜಾರಾಗುತ್ತೆ, ಕೇಳುತ್ತೆ. ಆಡೋಕೆ ಎಲ್ಲಿ ಬಿಟ್ಟಿದ್ದೀಯ ನೀನು?"

ದರ್ಜಿ ಬಾಗಿಲಾಚೆ ನೋಡಿದಳು. ಹೊಸ್ತಿಲಿಂದ ಹತ್ತು ಹೆಜ್ಜೆಗೆ ಮೂರು ಅಂಗಡಿ; ಕರಿದದ್ದು, ಸಿಹಿ, ಬಣ್ಣದ ಸೋಡಾ. ಮೈದಾನ ಮಾತ್ರ ದೊಡ್ಡ ರಸ್ತೆಯ ಆಚೆ. ರಸ್ತೆ ಅಗಲವಾದ ಮೇಲೆ ವಾಹನಗಳು ನಿಲ್ಲುತ್ತಲೇ ಇರಲಿಲ್ಲ. "ರಸ್ತೆಗೆ ಕಾಲಿಟ್ರೆ ಕಾಲು ಮುರೀತೀನಿ" ಎಂದು ಮಗಳನ್ನು ಕೂರಿಸಿದವಳು ಅವಳೇ. ಬೀದಿಯ ಬೇರೆ ತಾಯಂದಿರೂ ಹಾಗೆಯೇ ಕೂರಿಸಿದ್ದರು. ಅಳತೆ ಕೊಡಲು ಬಂದ ಯಾವ ಮಗುವಿನ ಸೊಂಟದ ಸುತ್ತ ಟೇಪು ಹಿಡಿದರೂ ಹೋದ ವರ್ಷಕ್ಕಿಂತ ಮೂರು ನಾಲ್ಕು ಬೆರಳು ಮುಂದೆ. "ಬಟ್ಟೆ ಜಾಸ್ತಿ ತನ್ನಿ" ಎಂದು ತಾಯಂದಿರಿಗೆ ಹೇಳಿದ್ದಳು, ಅಷ್ಟೆ.

ಕೂತಲ್ಲಿ ಕೂರಲಾಗಲಿಲ್ಲ. ಅರ್ಧ ಬಿಚ್ಚಿದ ಅಂಗಿ ಬಿಟ್ಟೆದ್ದು ಮಗಳ ಕೈ ಹಿಡಿದಳು. "ಬಾ, ಮೈದಾನಕ್ಕೆ."

ರಸ್ತೆಯಂಚಿನಲ್ಲಿ ಮೂರು ಸಲ ಹೆಜ್ಜೆಯಿಟ್ಟಳು, ಮೂರು ಸಲವೂ ಹಿಂದೆ ಸರಿದಳು. ಹಿಡಿದ ಕೈ ಬೆವರುತ್ತಿತ್ತು, ಯಾರದೆಂದು ತಿಳಿಯಲಿಲ್ಲ. ದೇವರೇ, ನೀನೇ ಗತಿ ಎಂದುಕೊಂಡು ಕೈಯೆತ್ತಿ ನುಗ್ಗಿಯೇಬಿಟ್ಟಳು. ಲಾರಿಯೊಂದು ಕಿರ್ರನೆ ನಿಂತಿತು.

"ಏನಮ್ಮಾ, ಮನೇಲಿ ಹೇಳಿ ಬಂದಿದ್ಯಾ?" ಚಾಲಕ ಕೂಗಿದ.

"ನನಗೆ ಹೇಳೇ ಬಂದಿದ್ದಾಳೆ ಕಣೋ! ನಿಲ್ಸು ಗಾಡಿ, ನಾನೂ ದಾಟಬೇಕು!" ಹಿಂದಿನಿಂದ ಅತ್ತೆಯ ದನಿ.

ಮೈದಾನದಲ್ಲಿ ಮಗಳು ಇಪ್ಪತ್ತು ಹೆಜ್ಜೆ ಓಡಿ, ಮಂಡಿ ಹಿಡಿದು ಏದುಸಿರು ಬಿಡುತ್ತ ನಿಂತಳು. ದರ್ಜಿ ಗಾಬರಿಯಿಂದ ಧಾವಿಸಿ ಅವಳ ಕೈ ಹಿಡಿದಳು.

"ಹಿಡೀಬೇಡಮ್ಮಾ," ಎಂದಳು ಮಗಳು. "ಇನ್ನೊಂದ್ಸಲ ಓಡ್ತೀನಿ."

ದರ್ಜಿ ಕೈ ಬಿಟ್ಟಳು. ಹಿಂದೆ ರಸ್ತೆ ಆಗಲೇ ಮತ್ತೆ ಹರಿಯತೊಡಗಿತ್ತು. ನಾಳೆಯೂ ಅದನ್ನು ದಾಟಬೇಕಿತ್ತು.