ಫನೆಟ್‌ಗೆ ಕಾಳು ಕಾಣಿಸಿದ ದಿನ

ಚಳಿ ಶುರುವಾದರೆ ಸಾಕು, ತಲೆತುಂಬ ಜುಟ್ಟಿರುವ ನಮ್ಮೂರ ಊದಾನ್ ತಳಿಯ ಕೋಳಿಗಳು ಒಂದೊಂದಾಗಿ ಮೂಲೆ ಹಿಡಿಯುತ್ತಿದ್ದವು. ಪಕ್ಕದ ಮನೆಯ ಆರ್ಮೆಲ್ ಅವರ ಕೋಳಿಗಳು ಮಾತ್ರ ಇಬ್ಬನಿ ಬಿದ್ದ ನೆಲ ಕೆದರುತ್ತ ಓಡಾಡುತ್ತಿದ್ದವು. ದಿನಾ ಬೇಲಿಯ ಸಂದಿಯಿಂದ ನೋಡುತ್ತಿದ್ದೆ. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು.

ಅಜ್ಜಿಯ ಅಮ್ಮನ ಕಾಲದಿಂದ ಬಂದ ನಮ್ಮ ಕೋಳಿಗಳಲ್ಲಿ ಉಳಿದದ್ದು ಒಂದು ಹುಂಜ, ಫನೆಟ್ ಎಂಬ ಒಂದು ಹೇಂಟೆ. ಫನೆಟ್ ಹೋದರೆ ಆ ಸಂತತಿ ಮುಗಿದಂತೆ. ಅದು ಎರಡು ದಿನದಿಂದ ಕಾಳು ಮುಟ್ಟಿರಲಿಲ್ಲ.

"ಆ ಆರ್ಮೆಲ್ ಏನೋ ಗುಟ್ಟಿನ ಮದ್ದು ಹಾಕ್ತಾಳೆ," ಎಂದರು ಅಜ್ಜಿ. "ಕೇಳಿದ್ರೆ ಹೇಳ್ತಾಳಾ?"

ನಾನೂ ಹಾಗೇ ನಂಬಿದ್ದೆ. ಮದ್ದಿನ ಡಬ್ಬಿ ಕಾಣಬಹುದೆಂದು ಬೇಲಿಗೆ ಇನ್ನಷ್ಟು ಬಗ್ಗಿದೆ.

"ಸೋಲೀನ್, ಮುಳ್ಳು ಚುಚ್ಚುತ್ತೆ ಕಣೇ," ಆಚೆಯಿಂದ ಆರ್ಮೆಲ್ ಕೂಗಿದರು. "ಗೇಟಿಂದ ಬಾ. ನಿನ್ನ ಕೋಳೀನೂ ತಗೊಂಡ್ ಬಾ."

ನಾಚಿಕೆಯಿಂದ ಮುಖ ಕೆಂಪಾಯಿತು. ಫನೆಟ್ ಅನ್ನು ಕಂಕುಳಲ್ಲಿ ಹಿಡಿದು ಹೋದೆ. ಹಿಂದೆಯೇ ಅಜ್ಜಿ.

ಆರ್ಮೆಲ್ ಕಾಳು ಹಿಡಿದ ಅಂಗೈಯನ್ನು ಫನೆಟ್ ಮುಂದೆ ಆಡಿಸಿದರು. ಅದು ಅಲುಗಲಿಲ್ಲ.

"ಜುಟ್ಟು ಕಣ್ಣಿಗೆ ಬಿದ್ದಿದೆ. ಪಾಪ, ಇವಳಿಗೆ ಕಾಳೇ ಕಾಣ್ತಿಲ್ಲ. ಒದ್ದೆ ಬೇರೆ! ನೀರು ಯಾವುದ್ರಲ್ಲಿ ಇಡ್ತೀಯ?"

"ಸೂಪಿನ ಬೋಗುಣೀಲಿ."

"ಅಷ್ಟಗಲ ಬಾಯಿದ್ರೆ ಜುಟ್ಟು ಸಮೇತ ತಲೇನೇ ಅದ್ದುತ್ತೆ. ಆಮೇಲೆ ಚಳೀಲಿ ನಡುಗುತ್ತೆ."

ಜುಟ್ಟು ಬಿಡಿಸಿ ತೋರಿಸಿದರು. ಬುಡದಲ್ಲಿ ಹೇನು ಹರಿಯುತ್ತಿತ್ತು. ಅವರು ಕತ್ತರಿ ತೆಗೆದದ್ದೇ ಅಜ್ಜಿ ಚೀರಿದರು:

"ಮುಟ್ಬೇಡ! ಮೀಸೆ ಬೋಳಿಸಿದ ಮೇಯರ್ ಥರ ಕಾಣುತ್ತೆ. ಕೋಳಿ ಪ್ರದರ್ಶನದಲ್ಲಿ ಊರೆಲ್ಲ ನಗುತ್ತೆ."

"ನಗಲಿ ಬಿಡಿ ಅಜ್ಜಿ," ಎಂದರು ಆರ್ಮೆಲ್. " ಗರಿ ಉದುರಿ ಹೊಸದು ಬರುತ್ತೆ. ಫನೆಟ್ ಹೋದ್ರೆ ಬರ್ತಾಳಾ?"

ಅಜ್ಜಿ ತಾವೇ ಕೋಳಿಯನ್ನು ಮಡಿಲಲ್ಲಿ ಹಿಡಿದುಕೊಂಡರು. "ಜಾಸ್ತಿ ಬೇಡ," ಎಂದರು.

ರಕ್ತ ತುಂಬಿದ ಎಳೆಗರಿ ಬಿಟ್ಟು, ಕಣ್ಣಿನ ಸುತ್ತಲ ಬಲಿತ ಗರಿಗಳ ತುದಿಯನ್ನಷ್ಟೇ ಕತ್ತರಿಸಿದೆವು. ಫನೆಟ್ ಕತ್ತು ಓರೆ ಮಾಡಿತು. ಒಂದು ಕಾಳು ಹೆಕ್ಕಿತು. ಮತ್ತೊಂದು. ಅಜ್ಜಿ ಕಣ್ಣೊರೆಸಿಕೊಂಡು, "ಮನೆಗೆ ಹೋಗಿ ಮೊದ್ಲು ಆ ಸೂಪಿನ ಬೋಗುಣಿ ಎತ್ತಿಡು," ಎಂದು ನನಗೇ ಗದರಿದರು.

ಹೇನಿಗೆ ಪಶುವೈದ್ಯರಿಂದ ಪುಡಿ ತಂದೆವು. ಮಾರ್ಚಿನಲ್ಲಿ ಫನೆಟ್ ಬಿಳಿ ಮೊಟ್ಟೆ ಇಟ್ಟಿತು. ಆರ್ಮೆಲ್ ಅವರ ಕೋಳಿಯ ಮೊಟ್ಟೆ ಇನ್ನೂ ಸ್ವಲ್ಪ ದೊಡ್ಡದು. ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಗೇಟಿನಿಂದ ಹೋಗಿ ಕೇಳುತ್ತೇನೆ.

ನಿಮ್ಮ ಜುಟ್ಟಿನ ಕೋಳಿಯ ಮುಂದೆ ಇವತ್ತೇ ಕೈ ಆಡಿಸಿ ನೋಡಿ. ಕಣ್ಣಿಗೆ ಅಡ್ಡ ಬಂದ ಗರಿಯ ತುದಿ ಕತ್ತರಿಸಿ. ಕಿರಿದಾದ ಬಾಯಿಯ ಪಾತ್ರೆಯಲ್ಲಿ ನೀರಿಡಿ. ವಾರಕ್ಕೊಮ್ಮೆ ಜುಟ್ಟಿನ ಬುಡ ನೋಡಿ. ಪಕ್ಕದವರ ಕೋಳಿ ಕಂಡು ಹೊಟ್ಟೆ ಉರಿದರೆ ಬೇಲಿಗೆ ಬಗ್ಗಬೇಡಿ, ನಿಮ್ಮ ಕೋಳಿಯನ್ನು ಎತ್ತಿಕೊಂಡು ಅವರ ಬಾಗಿಲು ತಟ್ಟಿ.